ಛಾಯಾಗ್ರಹಣದಲ್ಲಿ ಸ್ಪಷ್ಟತೆ: ಮನುಷ್ಯರು ಮತ್ತು ವನ್ಯಜೀವಿಗಳು

ಚಿತ್ರದಲ್ಲಿ ವಸ್ತುವಿನ ಅಂಚುಗಳು ಕಲಸಿಹೋಗದೆ, ಕೂದಲೆಳೆ, ಚರ್ಮದ ಗೆರೆ, ಗರಿಯ ಎಳೆಗಳು ಬಿಡಿಬಿಡಿಯಾಗಿ ಕಾಣುವ ಗುಣವನ್ನು ಛಾಯಾಗ್ರಹಣದಲ್ಲಿ ಸ್ಪಷ್ಟತೆ ಎನ್ನುತ್ತಾರೆ. ಛಾಯಾಗ್ರಾಹಕರ ಆಡುಮಾತಿನಲ್ಲಿ ಇದೇ ‘ಶಾರ್ಪ್’. ಒಳ್ಳೆಯ ಲೆನ್ಸ್ ಕೊಂಡರೆ ಸ್ಪಷ್ಟತೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಅಂಗಡಿಯವರಿಗೆ ಲಾಭದ್ದು, ಅಷ್ಟೆ. ಲೆನ್ಸ್ ಸರಿಯಾದ ದೂರಕ್ಕೆ ಫೋಕಸ್ ಆಗಿರಬೇಕು, ಶಟರ್ ತೆರೆದಿರುವಷ್ಟು ಹೊತ್ತು ಕ್ಯಾಮೆರಾ ಅಲುಗಬಾರದು, ಎದುರಿಗಿರುವ ಜೀವವೂ ಅಷ್ಟು ಹೊತ್ತಿನಲ್ಲಿ ಹೆಚ್ಚು ಸರಿದಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಲಕ್ಷಾಂತರ ರೂಪಾಯಿಯ ಲೆನ್ಸು ಮಸುಕು ಚಿತ್ರವನ್ನೇ ಕೊಡುತ್ತದೆ. ಮನುಷ್ಯರ ಭಾವಚಿತ್ರದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ದೂರದ ಲೆಕ್ಕದಲ್ಲಿ, ವನ್ಯಜೀವಿ ಚಿತ್ರದಲ್ಲಿ ಸಮಯದ ಲೆಕ್ಕದಲ್ಲಿ. ಎರಡಕ್ಕೂ ಒಂದೇ ಕಟ್ಟುಪಾಡು: ಬೇರೇನು ಮಸುಕಾದರೂ ಕಣ್ಣು ಮಸುಕಾಗಬಾರದು. ಮುಖವೆಂದರೆ ನೋಡುಗ ಮೊದಲು ಹುಡುಕುವುದು ಕಣ್ಣನ್ನೇ, ಆ ಮುಖ ಅಜ್ಜಿಯದಾಗಲಿ ಹುಲಿಯದಾಗಲಿ.

ಅಳತೆಯ ಮಾತು

ಲೆನ್ಸು ಒಂದು ಸಲಕ್ಕೆ ಒಂದೇ ದೂರಕ್ಕೆ ನಿಖರವಾಗಿ ಫೋಕಸ್ ಆಗಬಲ್ಲದು. ಆ ದೂರದಲ್ಲಿರುವ ಚುಕ್ಕೆ ಸಂವೇದಕದ ಮೇಲೂ ಚುಕ್ಕೆಯಾಗಿಯೇ ಬೀಳುತ್ತದೆ. ಅದಕ್ಕಿಂತ ಹಿಂದೆ ಅಥವಾ ಮುಂದೆ ಇರುವ ಚುಕ್ಕೆ ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಬಿಲ್ಲೆ ಒಂದು ಮಿತಿಯೊಳಗೆ ಚಿಕ್ಕದಾಗಿದ್ದರೆ ನಮ್ಮ ಕಣ್ಣು ಅದನ್ನು ಚುಕ್ಕೆಯೆಂದೇ ಒಪ್ಪಿಕೊಳ್ಳುತ್ತದೆ. 35 ಮಿ.ಮೀ. ಫಿಲ್ಮಿನ ಕಾಲದಿಂದ, ಅದೇ ಅಳತೆಯ ಇಂದಿನ ಫುಲ್ ಫ್ರೇಮ್ ಕ್ಯಾಮೆರಾಗಳವರೆಗೆ ಈ ಮಿತಿಯನ್ನು ಸುಮಾರು 0.03 ಮಿ.ಮೀ. ಎಂದು ಹಿಡಿಯುವುದು ವಾಡಿಕೆ. ಈ ಮಿತಿಯೊಳಗೆ ಸ್ಪಷ್ಟವಾಗಿ ಕಾಣುವ ಹಿಂದುಮುಂದಿನ ಒಟ್ಟು ವಿಸ್ತಾರವೇ ಡೆಪ್ತ್ ಆಫ್ ಫೀಲ್ಡ್, ಅಂದರೆ ಫೋಕಸ್ಸಿನ ಆಳ. ವಸ್ತು ಹತ್ತಿರ ಬಂದಷ್ಟೂ, ಲೆನ್ಸಿನ ಸಂಗಮದೂರ (ಫೋಕಲ್ ಲೆಂತ್) ಹೆಚ್ಚಿದಷ್ಟೂ, ಬೆಳಕು ಒಳಬರುವ ಕಿಂಡಿಯಾದ ಅಪರ್ಚರ್ ತೆರೆದಷ್ಟೂ ಆಳ ಕಡಿಮೆಯಾಗುತ್ತದೆ.

ಆದರೆ 0.03 ಮಿ.ಮೀ. ಎಂಬ ಅಂಕಿ ಹುಟ್ಟಿದ್ದು ಕೈಯಳತೆಯ ದೂರದಲ್ಲಿ ಹಿಡಿದು ನೋಡುವ, ಪುಸ್ತಕದ ಪುಟದಷ್ಟು ದೊಡ್ಡ ಮುದ್ರಿತ ಚಿತ್ರಕ್ಕಾಗಿ. 45 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಸಂವೇದಕದಲ್ಲಿ ಒಂದೊಂದು ಪಿಕ್ಸೆಲ್ಲಿನ ಅಗಲ ಸುಮಾರು 0.0044 ಮಿ.ಮೀ. ಅಂಥ ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿದರೆ, ಹಳೆಯ ಅಳತೆಯಲ್ಲಿ ಪಾಸಾದದ್ದು ಇಲ್ಲಿ ಫೇಲಾಗುತ್ತದೆ. ಹೊಸ ಕ್ಯಾಮೆರಾ ಕೊಂಡವರು ‘ಹಳೆಯದೇ ಶಾರ್ಪ್ ಇತ್ತು’ ಎಂದು ಗೊಣಗುವುದಕ್ಕೆ ಬಹುತೇಕ ಕಾರಣ ಇದೇ. ಚಿತ್ರ ಗೋಡೆಗೋ ಪತ್ರಿಕೆಗೋ ಫೋನಿಗೋ ಎಂಬುದನ್ನು ಹೇಳದೆ ಸ್ಪಷ್ಟತೆಯ ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಆಳ ಬೇಕೆಂದು ಅಪರ್ಚರನ್ನು ಎಷ್ಟೆಂದರಷ್ಟು ಕಿರಿದು ಮಾಡಲೂ ಆಗದು. ಕಿರಿದಾದ ಕಿಂಡಿಯಲ್ಲಿ ಹಾದ ಬೆಳಕು ವಿವರ್ತನೆಯಿಂದ ಹರಡಿಕೊಳ್ಳುತ್ತದೆ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಹಸಿರು ಬೆಳಕಿಗೆ ಎಫ್ 5.6ರಲ್ಲಿ ಈ ಹರಡುವಿಕೆಯ ಬಿಲ್ಲೆ ಸುಮಾರು 0.0075 ಮಿ.ಮೀ. ಇದ್ದರೆ, ಎಫ್ 16ರಲ್ಲಿ 0.021 ಮಿ.ಮೀ. ದಾಟುತ್ತದೆ. ಬಹಳಷ್ಟು ಲೆನ್ಸುಗಳು ಪೂರ್ತಿ ತೆರೆದ ಸ್ಥಿತಿಗಿಂತ ಒಂದೆರಡು ಸ್ಟಾಪ್ ಕಿರಿದು ಮಾಡಿದಾಗ ಅತ್ಯುತ್ತಮವಾಗಿ ಕೆಲಸ ಮಾಡುತ್ತವೆ. ಎಫ್ 16 ದಾಟಿದ ಮೇಲೆ ಅವು ಮತ್ತೆ ಮೆತ್ತಗಾಗುವುದು ವಿವರ್ತನೆಯಿಂದಲೇ.

ಇತಿಹಾಸ

1839ರಲ್ಲಿ ಡಾಗೆರೊಟೈಪ್ ವಿಧಾನ ಬಹಿರಂಗವಾದಾಗ ಮನುಷ್ಯರ ಚಿತ್ರ ತೆಗೆಯುವುದೇ ಕಷ್ಟವಿತ್ತು. ಲೆನ್ಸುಗಳು ಮಂದ, ಎಕ್ಸ್‌ಪೋಷರ್ ನಿಮಿಷಗಟ್ಟಲೆ. ಕೂತವರ ತಲೆ ಅಲುಗದಂತೆ ಕುತ್ತಿಗೆಯ ಹಿಂದೆ ಕಬ್ಬಿಣದ ಹಿಡಿಕೆ ನಿಲ್ಲಿಸುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಯಾರೂ ನಗದಿರುವುದಕ್ಕೆ ಶಿಷ್ಟಾಚಾರದ ಜೊತೆಗೆ ಇದೂ ಒಂದು ಕಾರಣ: ಅಷ್ಟು ಹೊತ್ತು ಒಂದೇ ನಗುವನ್ನು ಹಿಡಿದಿಡಲಾಗದು. 1840ರಲ್ಲಿ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ, ಫೋಯ್ಕ್ಟ್‌ಲೆಂಡರ್ ತಯಾರಿಸಿದ ಭಾವಚಿತ್ರ ಲೆನ್ಸು ಎಫ್ 3.6ರ ಆಸುಪಾಸಿನದಾಗಿತ್ತು, ಹಿಂದಿನ ಲೆನ್ಸುಗಳಿಗಿಂತ ಹಲವು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಚೌಕಟ್ಟಿನ ನಡುವೆ ಮುಖ ಖಚಿತ, ಅಂಚಿನತ್ತ ಎಲ್ಲವೂ ಸುಳಿಸುಳಿಯಾಗಿ ಕರಗುವುದು ಅದರ ಗುರುತು. ಅಂದು ದೋಷವಾಗಿದ್ದ ಆ ಸುಳಿಯನ್ನೇ ಇಂದು ಬೇಕೆಂದು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ.

ಸ್ಪಷ್ಟತೆಯೇ ಗುರಿಯಾಗಬೇಕೆ ಎಂಬ ತಕರಾರೂ ಅಷ್ಟೇ ಹಳೆಯದು. ಕಲ್ಕತ್ತದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1860ರ ದಶಕದ ಇಂಗ್ಲೆಂಡಿನಲ್ಲಿ ಬೇಕೆಂದೇ ಮೃದು ಫೋಕಸ್ಸಿನಲ್ಲಿ ಮುಖಗಳನ್ನು ಸೆರೆಹಿಡಿದು ವಿಮರ್ಶಕರಿಂದ ಬೈಸಿಕೊಂಡರು. ಆ ಚಿತ್ರಗಳೇ ಇಂದು ಭಾವಚಿತ್ರ ಕಲೆಯ ಮೇರುಕೃತಿಗಳ ಸಾಲಿನಲ್ಲಿವೆ. ಇದಕ್ಕೆ ತದ್ವಿರುದ್ಧವಾಗಿ 1932ರಲ್ಲಿ ಕ್ಯಾಲಿಫೋರ್ನಿಯಾದ ಆನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮುಂತಾದವರು ತಮ್ಮ ಗುಂಪಿಗೆ ‘ಎಫ್/64’ ಎಂದೇ ಹೆಸರಿಟ್ಟರು. ದೊಡ್ಡ ಪ್ಲೇಟಿನ ಕ್ಯಾಮೆರಾದಲ್ಲಿ ಆ ಕಿರಿದಾದ ಅಪರ್ಚರ್ ಇಟ್ಟರೆ ಮುಂದಿನ ಕಲ್ಲಿನಿಂದ ಹಿಂದಿನ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ.

ಪ್ರಾಣಿಗಳ ವಿಷಯದಲ್ಲಿ ಅಡ್ಡಿಯಾಗಿದ್ದದ್ದು ಚಲನೆ. 1878ರಲ್ಲಿ ಎಡ್‌ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಕಾಲುಗಳನ್ನು ಬಿಡಿಬಿಡಿಯಾಗಿ ತೋರಿಸಿದ. ಅಮೆರಿಕದ ಜಾರ್ಜ್ ಶೀರಾಸ್ ರಾತ್ರಿಯ ಕಾಡಿನಲ್ಲಿ ಫ್ಲ್ಯಾಶ್ ಪುಡಿ ಉರಿಸಿ ತೆಗೆದ ಚಿತ್ರಗಳನ್ನು 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪ್ರಕಟಿಸಿತು. ಇಲ್ಲಿ ಭಾರತದಲ್ಲಿ, ಹಿಮಾಲಯದ ಬುಡದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ಜಾಡಿಗೆ ಅಡ್ಡವಾಗಿ ತಂತಿ ಕಟ್ಟಿ, ಹುಲಿಯೇ ಎಡವಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ. 1927ರಲ್ಲಿ ಆ ಚಿತ್ರಗಳ ಪುಸ್ತಕ ಬಂತು. ಚಾಂಪಿಯನ್ನನ ಉಪಾಯದಲ್ಲಿ ಫೋಕಸ್ಸಿನ ಸಮಸ್ಯೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ದೂರವನ್ನು ಮೊದಲೇ ಅಳೆದು ಇಟ್ಟಾಗಿದೆ. ಆ ದೂರಕ್ಕೆ ಹುಲಿ ಬರುತ್ತದೆ. ಗೂಡಿಗೆ ಮರಳುವ ಹಕ್ಕಿಗೆ, ನೀರು ಕುಡಿಯಲು ನಿಗದಿತ ಕಲ್ಲಿಗೆ ಬರುವ ಪ್ರಾಣಿಗೆ ಇಂದಿಗೂ ಈ ಪೂರ್ವಫೋಕಸ್ಸೇ ಹೆಚ್ಚು ನಂಬಿಕಸ್ಥ.

ಮನುಷ್ಯರ ಚಿತ್ರ

85 ಮಿ.ಮೀ. ಲೆನ್ಸು, ಅಪರ್ಚರ್ ಎಫ್ 1.8, ಎದುರಿಗೆ 2 ಮೀಟರ್ ದೂರದಲ್ಲಿ ಒಬ್ಬರು: ಸ್ಟುಡಿಯೋಗಳಲ್ಲಿ ದಿನವೂ ನಡೆಯುವ ಏರ್ಪಾಡು ಇದು. ಇಲ್ಲಿ ಫೋಕಸ್ಸಿನ ಆಳ ಒಟ್ಟು ಸುಮಾರು 6 ಸೆಂ.ಮೀ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯಾಗಲೇ ಕರಗಿರುತ್ತದೆ. ಮುಖ ತುಸು ಓರೆಯಾಗಿದ್ದರೆ ಎರಡು ಕಣ್ಣುಗಳು ಬೇರೆಬೇರೆ ದೂರಕ್ಕೆ ಹೋಗುತ್ತವೆ. ಆಗ ಹತ್ತಿರದ ಕಣ್ಣನ್ನು ಹಿಡಿಯಬೇಕು. ಎರಡೂ ಬೇಕೆಂದರೆ ಮುಖವನ್ನು ಕ್ಯಾಮೆರಾಗೆ ನೇರ ತಿರುಗಿಸಬೇಕು, ಇಲ್ಲವೆ ಎಫ್ 4ಕ್ಕೆ ಹೋಗಬೇಕು. ಹಿನ್ನೆಲೆ ಬೆಣ್ಣೆಯಂತೆ ಕರಗಲಿ ಎಂಬ ಆಸೆಗೆ ಮೂಗಿನ ತುದಿಯನ್ನೂ ಕಿವಿಯನ್ನೂ ಬಲಿಕೊಡುವ ಈಚಿನ ಹುಚ್ಚು ಭಾವಚಿತ್ರಕ್ಕೆ ಒಳ್ಳೆಯದು ಮಾಡಿದೆಯೆಂದು ಹೇಳಲಾಗದು.

ಫೋಕಸ್ ಮಾಡಿದ ಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸಿಕೊಳ್ಳುವ ಹಳೆಯ ಅಭ್ಯಾಸ ಇಂಥಲ್ಲಿ ಕೈಕೊಡುತ್ತದೆ. ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಹಿಡಿದು ಕ್ಯಾಮೆರಾವನ್ನು 12 ಡಿಗ್ರಿ ಓರೆ ಮಾಡಿದರೆ, ಫೋಕಸ್ಸಿನ ಸಮತಲ ಆ ಕಣ್ಣಿಗಿಂತ ಸುಮಾರು 4.4 ಸೆಂ.ಮೀ. ಹಿಂದಕ್ಕೆ ಸರಿದುಬಿಡುತ್ತದೆ. ಆರು ಸೆಂ.ಮೀ. ಆಳದಲ್ಲಿ ಹಿಂದೊಂದು ಮೂರು, ಮುಂದೊಂದು ಮೂರು. ಹಾಗಾಗಿ ಕಣ್ಣು ಮಿತಿಯಿಂದ ಹೊರಗೆ. ಫೋಕಸ್ ಬಿಂದುವನ್ನೇ ಕಣ್ಣಿನ ಮೇಲಕ್ಕೆ ಸರಿಸುವುದು ಸರಿಯಾದ ದಾರಿ. ಜೊತೆಗೆ ಕೂತವರೂ ಉಸಿರಾಡುತ್ತಾರೆ, ತೆಗೆಯುವವರೂ ತೂಗುತ್ತಾರೆ. ನಿಂತವರಿಗಿಂತ ಒರಗಿ ಕೂತವರ ಚಿತ್ರ ಹೆಚ್ಚು ಸ್ಪಷ್ಟವಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಗುಂಪು ಚಿತ್ರದ ಲೆಕ್ಕ ಬೇರೆ. 35 ಮಿ.ಮೀ. ಲೆನ್ಸನ್ನು ಎಫ್ 5.6ರಲ್ಲಿ 4 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 2.6 ಮೀಟರಿನಿಂದ 8.8 ಮೀಟರಿನವರೆಗೆ ಎಲ್ಲರೂ ಸ್ಪಷ್ಟ. ಮೂರು ಸಾಲು ನಿಲ್ಲಿಸಿದರೂ ಚಿಂತೆಯಿಲ್ಲ. ಆಳದ ಮೂರನೇ ಒಂದು ಪಾಲು ಮುಂದಕ್ಕೆ, ಉಳಿದದ್ದು ಹಿಂದಕ್ಕೆ ಎಂಬ ಬಾಯಿಪಾಠದ ಸೂತ್ರ ಒಂದು ನಿರ್ದಿಷ್ಟ ದೂರದಲ್ಲಿ ಮಾತ್ರ ನಿಜ. ಹತ್ತಿರದ ಭಾವಚಿತ್ರದಲ್ಲಿ ಅದು ಎರಡೂ ಕಡೆ ಬಹುತೇಕ ಸಮನಾಗಿಯೇ ಹಂಚಿಕೆಯಾಗುತ್ತದೆ.

ಮದುವೆ ಮನೆಯದು ಇನ್ನೊಂದು ಪರೀಕ್ಷೆ. ವಧುವರರ ಹಣೆಯ ಬಾಸಿಂಗ, ಇಳಿಬಿದ್ದ ಹೂವಿನ ಎಳೆಗಳು, ಹೋಮದ ಹೊಗೆ, ಗಾಳಿಯಲ್ಲಿರುವ ಅಕ್ಷತೆ ಎಲ್ಲವೂ ಕಣ್ಣಿಗೂ ಕ್ಯಾಮೆರಾಗೂ ನಡುವೆ ಬರುತ್ತವೆ. ಕ್ಯಾಮೆರಾ ತಾನಾಗಿ ಹುಡುಕಲು ಬಿಟ್ಟರೆ ಹತ್ತಿರದ ಮಿನುಗುವ ವಸ್ತುವಿಗೆ, ಅಂದರೆ ಬಾಸಿಂಗಕ್ಕೇ ಅಂಟಿಕೊಳ್ಳುತ್ತದೆ. ತಾಳಿ ಕಟ್ಟುವ ಗಳಿಗೆ ಮತ್ತೊಮ್ಮೆ ಬರುವುದಿಲ್ಲವಾದ್ದರಿಂದ ಅನುಭವಿಗಳು ಇಲ್ಲಿ ಎಫ್ 4 ಅಥವಾ ಎಫ್ 5.6 ಇಟ್ಟು, ಫ್ಲ್ಯಾಶ್ ಬಳಸಿ, ಆಳದ ಆಸರೆ ತೆಗೆದುಕೊಳ್ಳುತ್ತಾರೆ.

1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರವೊಂದರಲ್ಲಿ ಸ್ಟೀವ್ ಮೆಕರಿ ತೆಗೆದ, ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟವಾದ ಆಫ್ಘನ್ ಬಾಲಕಿಯ ಚಿತ್ರವನ್ನು ಕಣ್ಣಿನ ಫೋಕಸ್ಸಿಗೆ ಎಲ್ಲರೂ ಉದಾಹರಿಸುತ್ತಾರೆ. 105 ಮಿ.ಮೀ. ಲೆನ್ಸು, ಕೊಡಾಕ್ರೋಮ್ ಫಿಲ್ಮು, ಕೈಯಿಂದಲೇ ತಿರುಗಿಸಿದ ಫೋಕಸ್. ಮುಖ ಬಹುತೇಕ ನೇರ, ಎರಡು ಕಣ್ಣೂ ಒಂದೇ ಸಮತಲದಲ್ಲಿ. ತಂತ್ರದ ಅರ್ಧ ಕೆಲಸ ಆ ಭಂಗಿಯಲ್ಲೇ ಮುಗಿದಿದೆ.

ತಾನೇ ಹುಡುಕುವ ಕ್ಯಾಮೆರಾ

ಆಟೊಫೋಕಸ್ ಜನರ ಕೈಗೆ ಬಂದದ್ದು 1977ರ ಕೋನಿಕಾ ಸಿ35 ಎಎಫ್ ಕ್ಯಾಮೆರಾದಿಂದ. 1985ರ ಮಿನೋಲ್ಟಾ 7000 ಅದನ್ನು ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಗಟ್ಟಿಗೊಳಿಸಿತು. 1987ರಲ್ಲಿ ಕ್ಯಾನನ್ ತನ್ನ ಹಳೆಯ ಲೆನ್ಸ್ ಜೋಡಣೆಯನ್ನೇ ಕೈಬಿಟ್ಟು ಇಒಎಸ್ ಸರಣಿ ಆರಂಭಿಸಿತು. ಎಸ್‌ಎಲ್‌ಆರ್ ಆಟೊಫೋಕಸ್ಸಿನ ಮೂಲತತ್ವ ಫೇಸ್ ಡಿಟೆಕ್ಷನ್. ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕು ಎರಡು ಪ್ರತಿಬಿಂಬಗಳನ್ನು ಮೂಡಿಸುತ್ತದೆ. ಅವುಗಳ ನಡುವಿನ ಅಂತರ ನೋಡಿ ಫೋಕಸ್ ಎತ್ತ ಕಡೆ, ಎಷ್ಟು ತಪ್ಪಿದೆಯೆಂದು ಕ್ಯಾಮೆರಾ ಒಂದೇ ಏಟಿಗೆ ತಿಳಿಯುತ್ತದೆ. ಕಾಂಟ್ರಾಸ್ಟ್ ಡಿಟೆಕ್ಷನ್ ಎಂಬ ಇನ್ನೊಂದು ಬಗೆಯಲ್ಲಿ ಲೆನ್ಸನ್ನು ಹಿಂದುಮುಂದೆ ಓಡಿಸಿ ಅಂಚುಗಳು ಅತಿ ಹೆಚ್ಚು ಎದ್ದು ಕಾಣುವ ಜಾಗದಲ್ಲಿ ನಿಲ್ಲಿಸಬೇಕು. ನಿಖರವೇ, ಆದರೆ ನಿಧಾನ.

ಕನ್ನಡಿಯಿದ್ದ ಈ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸ್ ಅಳೆಯುವ ಸಂವೇದಕ ಬೇರೆ, ಚಿತ್ರ ಹಿಡಿಯುವ ಸಂವೇದಕ ಬೇರೆ. ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವಿದ್ದರೂ ಕಣ್ಣಿಗಿಟ್ಟ ಫೋಕಸ್ ರೆಪ್ಪೆಗೋ ಕಿವಿಗೋ ಹೋಗುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸಂವೇದಕವೇ ಫೋಕಸ್ಸನ್ನೂ ಅಳೆಯುವುದರಿಂದ ಆ ರಗಳೆ ಬಹುಮಟ್ಟಿಗೆ ಹೋಯಿತು. ಅದೇ ಸಂವೇದಕ ಇಡೀ ದೃಶ್ಯವನ್ನು ನೋಡುತ್ತಿರುವುದರಿಂದ ಮುಖವನ್ನೂ ಕಣ್ಣನ್ನೂ ಗುರುತಿಸುವುದು ಸಾಧ್ಯವಾಯಿತು. ಮನುಷ್ಯರ ಕಣ್ಣು ಮೊದಲು ಬಂತು. 2019ರಲ್ಲಿ ಸೋನಿ ಪ್ರಾಣಿಗಳ ಕಣ್ಣಿಗೂ ಅದನ್ನು ವಿಸ್ತರಿಸಿತು. 2020ರ ಕ್ಯಾನನ್ ಆರ್5, 2021ರ ಸೋನಿ ಆಲ್ಫಾ 1 ಮತ್ತು ನಿಕಾನ್ ಜೆಡ್9 ಹಕ್ಕಿಯ ಕಣ್ಣನ್ನು ಬೆನ್ನಟ್ಟುವಷ್ಟು ಪಳಗಿದವು. ಹಕ್ಕಿ ಛಾಯಾಗ್ರಹಣದಲ್ಲಿ ಇಷ್ಟು ದೊಡ್ಡ ಬದಲಾವಣೆ ಆಟೊಫೋಕಸ್ ಬಂದ ಮೇಲೆ ಇನ್ನೊಂದಿಲ್ಲ.

ಕಾಡಿನಲ್ಲಿ

600 ಮಿ.ಮೀ. ಎಫ್ 4 ಲೆನ್ಸಿನಲ್ಲಿ 20 ಮೀಟರ್ ದೂರದ ಪ್ರಾಣಿಗೆ ಫೋಕಸ್ಸಿನ ಆಳ ಸುಮಾರು 27 ಸೆಂ.ಮೀ. ಹುಲಿಯ ಮೂಗಿನಿಂದ ಕಣ್ಣಿನವರೆಗೆ ಅದು ಸಾಕು. ಹತ್ತು ಮೀಟರಿಗೆ ಬಂದರೆ ಆಳ 7 ಸೆಂ.ಮೀ.ಗೂ ಕಡಿಮೆ. ಆದರೂ ಕಾಡಿನಲ್ಲಿ ಕೆಟ್ಟ ಚಿತ್ರಗಳ ರಾಶಿಯನ್ನು ತೆಗೆದು ನೋಡಿದರೆ ಫೋಕಸ್ ತಪ್ಪಿದ್ದಕ್ಕಿಂತ ಚಲನೆಯಲ್ಲಿ ಕಲಸಿದ್ದೇ ಹೆಚ್ಚಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರುವ ಹಕ್ಕಿ 1/1000 ಸೆಕೆಂಡಿನಲ್ಲಿ 1 ಸೆಂ.ಮೀ. ಸರಿಯುತ್ತದೆ. ಅದೇ ಲೆನ್ಸಿನಲ್ಲಿ, ಅದೇ 20 ಮೀಟರ್ ದೂರದಲ್ಲಿ, ಸಂವೇದಕದ ಮೇಲೆ ಇದು 0.3 ಮಿ.ಮೀ. ಗೀರಾಗಿ ಬೀಳುತ್ತದೆ, ಒಪ್ಪಬಹುದಾದ ಬಿಲ್ಲೆಯ ಹತ್ತು ಪಟ್ಟು. ಶಟರನ್ನು 1/4000ಕ್ಕೆ ಏರಿಸಿದರೂ ಗೀರು 0.075 ಮಿ.ಮೀ. ಉಳಿಯುತ್ತದೆ. ಹಾಗಾಗಿ ಹಾರುವ ಹಕ್ಕಿಯನ್ನು ಶಟರ್ ವೇಗವೊಂದರಿಂದಲೇ ನಿಲ್ಲಿಸಲಾಗದು, ಕ್ಯಾಮೆರಾವೂ ಹಕ್ಕಿಯ ಜೊತೆಗೇ ತಿರುಗಬೇಕು. ಹೀಗೆ ಜೊತೆ ತಿರುಗಿಸುವ ಪ್ಯಾನಿಂಗ್ ಒಗ್ಗಿದ ಮೇಲೆ 1/2000 ಸಾಕಾಗುತ್ತದೆ. ರೆಕ್ಕೆಯ ತುದಿ ತುಸು ಮಸುಕಾದರೂ ಕಣ್ಣು ನಿಂತಿರುತ್ತದೆ. ನಡೆದುಬರುವ ಹುಲಿಗೆ 1/1000 ನೆಮ್ಮದಿಯ ವೇಗ.

ಇಷ್ಟು ವೇಗದ ಶಟರಿಗೆ ಬೆಳಕು ಬೇಕು. ಪ್ರಾಣಿಗಳು ಓಡಾಡುವುದೋ ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ. ನಾಗರಹೊಳೆಯ ಮರಗಳ ನೆರಳಿನಲ್ಲಿ ಸಂವೇದಕದ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒವನ್ನು 3200, 6400ಕ್ಕೆ ಏರಿಸದೆ ಗತಿಯಿಲ್ಲ. ಐಎಸ್‌ಒ ಏರಿದರೆ ಚಿತ್ರದಲ್ಲಿ ನಾಯ್ಸ್ (ಕಾಳುಕಾಳು) ಬರುತ್ತದೆಂದು ಹಿಂಜರಿದು 1/160ರಲ್ಲಿ ತೆಗೆದು ಕೈಸುಟ್ಟುಕೊಳ್ಳುವವರು ಬಹಳ. ನಾಯ್ಸನ್ನು ಆಮೇಲೆ ಕಡಿಮೆ ಮಾಡಬಹುದು, ಕಲಸಿಹೋದ ರೋಮವನ್ನು ಮತ್ತೆ ಬಿಡಿಸಲಾಗದು.

ಕೈಯ ನಡುಕಕ್ಕೆ ಹಳೆಯ ನಿಯಮವೊಂದಿದೆ: ಶಟರ್ ವೇಗ ಸಂಗಮದೂರದ ವಿಲೋಮಕ್ಕಿಂತ ಕಡಿಮೆಯಾಗಬಾರದು, 500 ಮಿ.ಮೀ. ಲೆನ್ಸಿಗೆ ಕನಿಷ್ಠ 1/500. 1990ರ ದಶಕದಿಂದ ಲೆನ್ಸುಗಳಲ್ಲಿ ಬಂದ ನಡುಕ ನಿವಾರಕ ವ್ಯವಸ್ಥೆ ಈ ನಿಯಮವನ್ನು ಸಡಿಲಿಸಿತು. ಅದು ತಡೆಯುವುದು ಛಾಯಾಗ್ರಾಹಕನ ನಡುಕವನ್ನು ಮಾತ್ರ. ಜಿಂಕೆಯ ಓಟದ ಮೇಲೆ ಅದಕ್ಕೆ ಅಧಿಕಾರವಿಲ್ಲ. ಸಫಾರಿ ಜೀಪಿನಲ್ಲಿ ಟ್ರೈಪಾಡಿಗೆ ಜಾಗವಿರುವುದಿಲ್ಲ. ಅಕ್ಕಿಯನ್ನೋ ಕಾಳನ್ನೋ ತುಂಬಿದ ಬೀನ್ ಬ್ಯಾಗನ್ನು ಕಂಬಿಯ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಹುದುಗಿಸುವುದು ಇಲ್ಲಿನ ರೂಢಿ. ಎಂಜಿನ್ ಆಫ್ ಮಾಡಿಸದೆ ತೆಗೆದರೆ ಬೀನ್ ಬ್ಯಾಗೂ ನಡುಗುತ್ತದೆ. ಪಕ್ಕದಲ್ಲಿ ಕೂತವರು ಇನ್ನೊಂದು ಬದಿಗೆ ಹೊರಳಿದರೂ ಸಾಕು. ರಂಗನತಿಟ್ಟಿನ ದೋಣಿಯಲ್ಲಿ ಬೇರೆ ಪಾಡು: ದೋಣಿಯೇ ತೂಗುತ್ತಿರುವಾಗ ಆಸರೆ ಹುಡುಕುವುದಕ್ಕಿಂತ ಕೈಯಲ್ಲೇ ಹಿಡಿದು ಶಟರ್ ವೇಗ ಏರಿಸುವುದು ಮೇಲು.

ಎದುರಿಗೇ ಬರುವ ಪ್ರಾಣಿ ಅಡ್ಡ ಹೋಗುವ ಪ್ರಾಣಿಗಿಂತ ಫೋಕಸ್ಸಿಗೆ ಕಠಿಣ. ಸೆಕೆಂಡಿಗೆ ಒಂದೂವರೆ ಮೀಟರ್ ನಡೆಯುವ ಹುಲಿ, ಕ್ಯಾಮೆರಾ ಅಳತೆ ಮುಗಿಸಿ ಶಟರ್ ಬಿಡುವ 1/20 ಸೆಕೆಂಡಿನಲ್ಲೇ 7.5 ಸೆಂ.ಮೀ. ಮುಂದೆ ಬಂದಿರುತ್ತದೆ. ನಿರಂತರ ಆಟೊಫೋಕಸ್ ಇದಕ್ಕಾಗಿ ಇದೆ: ಹಿಂದಿನ ಅಳತೆಗಳಿಂದ ಮುಂದಿನ ದೂರವನ್ನು ಊಹಿಸಿ ಲೆನ್ಸನ್ನು ಅಲ್ಲಿಗೆ ಮೊದಲೇ ಒಯ್ಯುತ್ತದೆ. ಅನೇಕರು ಫೋಕಸ್ ಕೆಲಸವನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ ಕೊಡುತ್ತಾರೆ. ಹೆಬ್ಬೆರಳು ಒತ್ತಿರುವಷ್ಟು ಹೊತ್ತು ಬೆನ್ನಟ್ಟುವಿಕೆ, ಬಿಟ್ಟರೆ ಫೋಕಸ್ ಅಲ್ಲೇ ಸ್ಥಿರ.

ಯಂತ್ರ ಸೋಲುವ ಜಾಗಗಳೂ ಇವೆ. ಬಂಡೀಪುರದ ಲಾಂಟಾನ ಪೊದೆ, ಬಿದಿರುಮೆಳೆಗಳ ಹಿಂದೆ ನಿಂತ ಪ್ರಾಣಿಗೆ ಫೋಕಸ್ ಹೋಗದೆ ಮುಂದಿನ ಕಡ್ಡಿಗೇ ಹೋಗುತ್ತದೆ. ಆಗ ಒಂದೇ ಬಿಂದುವಿನ ಫೋಕಸ್, ಅದೂ ಆಗದಿದ್ದರೆ ಕೈಯಿಂದ ಲೆನ್ಸಿನ ಉಂಗುರ ತಿರುಗಿಸುವುದು. ದರೋಜಿಯ ಕರಡಿ, ಕಬಿನಿಯ ಕರಿಚಿರತೆ, ಕಾಡೆಮ್ಮೆಗಳ ಕಪ್ಪು ಮೈಯಲ್ಲಿ ಆಟೊಫೋಕಸ್ಸಿಗೆ ಹಿಡಿಯಲು ಅಂಚೇ ಸಿಗುವುದಿಲ್ಲ. ಬೆಳಕು ಬಿದ್ದ ಕಣ್ಣು, ಮೂತಿಯ ತುದಿ, ಕೊಂಬಿನ ಬುಡ ಹುಡುಕಿಕೊಳ್ಳಬೇಕು. ಆನೆಯ ಎದುರು ನಿಂತರೆ ಮುಂದೆ ಚಾಚಿದ ಸೊಂಡಿಲಿಗೇ ಫೋಕಸ್ ಬಿದ್ದು ಕಣ್ಣು ಹಿಂದೆ ಮಸುಕಾಗಿ ಉಳಿಯುವುದುಂಟು.

ಬೇಸಗೆಯ ಬಿಸಿಗಾಳಿಗೆ ಮಾತ್ರ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಕಾದ ನೆಲದಿಂದೇಳುವ ಗಾಳಿಯ ಪದರಗಳು ಬೆಳಕನ್ನು ಬಾಗಿಸಿ ದೂರದ ಪ್ರಾಣಿಯ ಅಂಚನ್ನು ನೀರಿನಲ್ಲಿ ಕಂಡಂತೆ ಅಲುಗಿಸುತ್ತವೆ. ಫೋಕಸ್ ಸರಿಯಿದ್ದು, ಶಟರ್ ವೇಗವಿದ್ದು, ಚಿತ್ರ ಮಾತ್ರ ಮೆತ್ತಗೆ ಬಂದರೆ ಲೆನ್ಸನ್ನು ರಿಪೇರಿಗೆ ಒಯ್ಯುವ ಮೊದಲು ಗಡಿಯಾರ ನೋಡಿಕೊಳ್ಳಬೇಕು. ಅದೇ ಜಾಗದಲ್ಲಿ ಬೆಳಗಿನ ಏಳಕ್ಕೆ ತೆಗೆದದ್ದು ಬೇರೆಯೇ ಇರುತ್ತದೆ. ಜೀಪಿನ ಕಾದ ಬಾನೆಟ್ ಮೇಲಿಂದ ತೆಗೆದರೂ ಇದೇ ತೊಂದರೆ.

ಸ್ಪಷ್ಟತೆಗಾಗಿ ಪ್ರಾಣಿಯ ಬದುಕಿಗೆ ಕೈಹಾಕುವಂತಿಲ್ಲ ಎಂಬ ಅರಿವು ತಡವಾಗಿ ಬಂತು. ಗೂಡಿನ ಪಕ್ಕದಲ್ಲಿ ಮರೆ ಕಟ್ಟಿಕೊಂಡು, ಅಡ್ಡಬಂದ ರೆಂಬೆ ಸರಿಸಿ, ಹಗಲಿಡೀ ಕೂರುವುದು ಒಂದು ಕಾಲಕ್ಕೆ ಮೆಚ್ಚುಗೆಯ ವಿಧಾನವಾಗಿತ್ತು. ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನೇ ಸ್ವೀಕರಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಛಾಯಾಗ್ರಹಣವೂ ಅನುಮತಿ ಪಡೆದು ಮಾಡಬೇಕಾದ ಕೆಲಸ.

ತೆಗೆದ ಮೇಲೆ

ತಂತ್ರಾಂಶದಲ್ಲಿ ಚಿತ್ರವನ್ನು ‘ಶಾರ್ಪ್’ ಮಾಡುವುದೆಂದರೆ ಅಂಚುಗಳ ಎರಡು ಬದಿಯ ಬೆಳಕು ನೆರಳಿನ ವ್ಯತ್ಯಾಸ ಹಿಗ್ಗಿಸುವುದು. ವಿವರ ಹೆಚ್ಚುವುದಿಲ್ಲ, ಇರುವ ವಿವರ ಎದ್ದು ಕಾಣುತ್ತದೆ. ಅತಿಯಾದರೆ ಹಕ್ಕಿಯ ಸುತ್ತ ಬಿಳಿ ಗೆರೆ ಮೂಡುತ್ತದೆ, ಮನುಷ್ಯರ ಚರ್ಮ ಮರಳುಕಾಗದದಂತಾಗುತ್ತದೆ. ಕೃತಕ ಬುದ್ಧಿಮತ್ತೆಯ ಈಚಿನ ಸಾಧನಗಳು ಇದಕ್ಕಿಂತ ಮುಂದೆ ಹೋಗಿ, ಮಸುಕಾದಲ್ಲಿ ಇದ್ದಿರಬಹುದಾದ ಗರಿಯನ್ನೋ ರೆಪ್ಪೆಯನ್ನೋ ತಾವೇ ಬರೆದುಬಿಡುತ್ತವೆ. ಮನೆಯ ಗೋಡೆಗೆ ಹಾಕುವ ಚಿತ್ರಕ್ಕೆ ಇದರಿಂದ ನಷ್ಟವಿಲ್ಲ. ಹಕ್ಕಿಯ ಪ್ರಭೇದ ಗುರುತಿಸಲು ಗರಿಯ ಗೆರೆಗಳನ್ನೇ ನೆಚ್ಚುವವರಿಗೆ ಅದು ಸುಳ್ಳು ಸಾಕ್ಷಿ. ಪ್ರಮುಖ ವನ್ಯಜೀವಿ ಸ್ಪರ್ಧೆಗಳು ಕೊನೆಯ ಸುತ್ತಿಗೆ ಬಂದ ಚಿತ್ರಗಳ ಮೂಲ ರಾ ಫೈಲ್ ಕೇಳಿ ತಾಳೆ ನೋಡುವುದು ಇಂಥ ಕಾರಣಗಳಿಗೆ.

ಕರ್ನಾಟಕದಲ್ಲಿ

ವನ್ಯಜೀವಿ ಛಾಯಾಗ್ರಹಣ ಬೆಂಗಳೂರು, ಮೈಸೂರುಗಳಲ್ಲಿ ಬೇಗನೆ ಬೇರುಬಿಟ್ಟಿತು. ಒ. ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಇವರೆಲ್ಲ ಆಟೊಫೋಕಸ್ ಇಲ್ಲದ ದಿನಗಳಲ್ಲಿ, ಇಂದಿಗೆ ಹೋಲಿಸಿದರೆ ತೀರಾ ಮಂದವಾದ ಫಿಲ್ಮಿನಲ್ಲಿ ಕೆಲಸ ಮಾಡಿದವರು. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಘೋರ್ಪಡೆ ಕಪ್ಪುಬಿಳುಪಿನ ಚಿತ್ರಗಳಿಗೆ ಹೆಸರಾದರು. ಮೂಡಿಗೆರೆಯ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನುಹತ್ತಿ ತೆಗೆದ ಚಿತ್ರಗಳು ಕನ್ನಡ ಓದುಗರನ್ನು ಈ ಹವ್ಯಾಸಕ್ಕೆ ಎಳೆದಷ್ಟು ಬೇರಾವ ತರಬೇತಿ ಶಿಬಿರವೂ ಎಳೆದಿರಲಾರದು. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಸ್ಥಿರಚಿತ್ರದಿಂದ ಚಲನಚಿತ್ರಕ್ಕೆ ಹೋಗಿ, ಕಾಡುನಾಯಿಗಳ ಕುರಿತ ಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದು ಕರೆಯುವ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಪಡೆಯಿತು. ಭಾವಚಿತ್ರದ ಕಡೆ, ಕನ್ನಡ ಲೇಖಕರ ಮುಖಗಳನ್ನು ದಾಖಲಿಸಿದ ಎ. ಎನ್. ಮುಕುಂದ ಅವರ ಕೆಲಸ ದೊಡ್ಡದು.

ಚಾಂಪಿಯನ್ನನ ತಂತಿ ಕ್ಯಾಮೆರಾದ ಮರಿಮಗನೆನ್ನಬಹುದಾದ ಕ್ಯಾಮೆರಾ ಟ್ರ್ಯಾಪ್ ನಾಗರಹೊಳೆಯಲ್ಲಿ ವಿಜ್ಞಾನದ ಸಾಧನವಾಯಿತು. ಪ್ರತಿ ಹುಲಿಯ ಪಟ್ಟೆಗಳೂ ಬೇರೆಬೇರೆ ಎಂಬುದನ್ನು ಆಧರಿಸಿ ಹುಲಿಗಳ ಸಂಖ್ಯೆ ಅಂದಾಜು ಮಾಡುವ ವಿಧಾನವನ್ನು ಉಲ್ಲಾಸ ಕಾರಂತರು ಅಲ್ಲಿ ಬೆಳೆಸಿ 1995ರಲ್ಲಿ ಪ್ರಕಟಿಸಿದರು. ಈ ಚಿತ್ರಗಳಲ್ಲಿ ಕಣ್ಣಿಗೆ ಫೋಕಸ್ ಬೇಕೆಂದಿಲ್ಲ, ಹಿನ್ನೆಲೆ ಚೆಂದವಿರಬೇಕೆಂದೂ ಇಲ್ಲ. ಹುಲಿಯ ಪಕ್ಕೆಯ ಪಟ್ಟೆಗಳು ಓದಲು ಬಂದರೆ ಸಾಕು. ಎಡ ಮತ್ತು ಬಲ ಪಕ್ಕೆಗಳ ಪಟ್ಟೆಗಳು ಒಂದನ್ನೊಂದು ಹೋಲದ ಕಾರಣ ಜಾಡಿನ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇಡುತ್ತಾರೆ, ಫ್ಲ್ಯಾಶಿನ ಬೆಳಕಿನಲ್ಲಿ ನಡಿಗೆಯ ಮಸುಕು ಉಳಿಯದಂತೆ ನೋಡಿಕೊಳ್ಳುತ್ತಾರೆ. ಪಟ್ಟೆ ಓದಲಾಗದ ಚಿತ್ರದಲ್ಲಿ ಹುಲಿ ಎಷ್ಟೇ ಗಂಭೀರವಾಗಿ ಕಂಡರೂ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.